ಮುಖಪುಟದ ಎರಡನೇ ಹೆಸರು

ಬೆಳಗ್ಗೆ ತುಮಕೂರಲ್ಲಿ ರೈಲು ಹತ್ತಿದಾಗ ಕಿಟಕಿ ಪಕ್ಕದ ಸೀಟೇ ಸಿಕ್ತು. ಬ್ಯಾಗಿಂದ ಪುಸ್ತಕ ತೆಗೆದೆ. 'ದಿ ವೀಲ್ ಆಫ್ ಟೈಮ್' ಅನ್ನೋ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯ ಹನ್ನೆರಡನೇದು.

ಎದುರು ಕೂತಿದ್ದ ಆಂಟಿ ಅದರ ದಪ್ಪ ನೋಡಿ, "ಯಾವ ಪರೀಕ್ಷೆಗಮ್ಮ?" ಅಂದ್ರು.
ಕಥೆ ಪುಸ್ತಕ ಆಂಟಿ, ಅಂದೆ.
"ಇಷ್ಟೊಂದು ಕಥೇನಾ!" ಕೈಗೆ ತಗೊಂಡು ತೂಕ ನೋಡಿ ವಾಪಸ್ ಕೊಟ್ರು.

ಮುಖಪುಟದಲ್ಲಿ ಎರಡು ಹೆಸರು. ಹನ್ನೊಂದು ಪುಸ್ತಕದಲ್ಲೂ ಒಂದೇ ಹೆಸರು ನೋಡಿದ್ದ ಕಣ್ಣು ಅಲ್ಲೇ ನಿಂತುಬಿಡ್ತು.

1990ರಲ್ಲಿ ಮೊದಲ ಪುಸ್ತಕ ತಂದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡ್ರು. ಕಥೆ ಎಲ್ಲಿಗೆ ಹೋಗಿ ಮುಟ್ಟಬೇಕು ಅಂತ ಟಿಪ್ಪಣಿ ಬಿಟ್ಟುಹೋಗಿದ್ರು. ಅವರ ಹೆಂಡತಿ ಹ್ಯಾರಿಯಟ್, ಸರಣಿಯ ಸಂಪಾದಕಿಯೂ ಅವರೇ, ಅದನ್ನೆಲ್ಲ ಬ್ರ್ಯಾಂಡನ್ ಸ್ಯಾಂಡರ್ಸನ್ ಕೈಗೆ ಕೊಟ್ರು. ಹದಿಹರೆಯದಿಂದ ಇದೇ ಸರಣಿ ಓದ್ಕೊಂಡು ಬಂದ ಲೇಖಕ.

ವಾಕ್ಯದ ನಡೆ ಬೇರೆ. ಕಥೆಯಲ್ಲಿ ಬರೋ ಮ್ಯಾಟ್ ಅನ್ನೋ ಪಾತ್ರ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತೆ, ಇದು ಹಳೇ ಕೈ ಅಲ್ಲ ಅಂತ. ಬೇಜಾರೇನೂ ಆಗಲಿಲ್ಲ. ಗಂಟಲು ಮಾತ್ರ ಸ್ವಲ್ಪ ಕಟ್ಟಿತು.

ನಮ್ಮಜ್ಜಿ ಅರ್ಧಕ್ಕೆ ಬಿಟ್ಟು ಹೋದ ಸ್ವೆಟರನ್ನ ಅಮ್ಮ ಹೆಣೆದು ಮುಗಿಸಿದ್ರು. ಎಡತೋಳಿನ ಹೆಣಿಗೆ ಬಿಗಿ. ಮೊಣಕೈ ಹತ್ರ ಬೆರಳಾಡಿಸಿದ್ರೆ ಅಜ್ಜಿ ನಿಲ್ಲಿಸಿದ ಜಾಗ, ಅಮ್ಮ ಶುರು ಮಾಡಿದ ಜಾಗ ಎರಡೂ ಸಿಗುತ್ತೆ. ಇವತ್ತಿನ ಚಳಿಗೆ ಅದನ್ನೇ ಹಾಕ್ಕೊಂಡಿದ್ದೆ. ಓದ್ತಾ ಓದ್ತಾ ಕೈ ಎಷ್ಟು ಸಲ ಆ ಜಾಗಕ್ಕೆ ಹೋಯ್ತೋ.

ಚಿಕ್ಕಬಾಣಾವರ ಬರೋ ಹೊತ್ತಿಗೆ 40 ಪುಟ. ಇದಾದ ಮೇಲೆ ಇನ್ನೆರಡೇ ಪುಸ್ತಕ. ನಿಧಾನಕ್ಕೆ ಓದ್ತಿದೀನಿ.