ಟೈಟಾನಿಯಮ್ಮಾ, ಕಾರ್ಬನ್ನಾ? ಕೇಳುವ ಮುಂಚೆ ಇದನ್ನು ಓದಿ

ಸೈಕಲ್ಲಿನ ಚೌಕಟ್ಟು, ಅಂದರೆ ಫ್ರೇಮ್, ಟೈಟಾನಿಯಂನದ್ದು ಒಳ್ಳೆಯದಾ ಕಾರ್ಬನ್ನಿನದ್ದಾ ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ರೇಸಿಗೆ ಇಳಿಯುವವರು ಕಾರ್ಬನ್ ತಗೊಳ್ಳಿ. ಒಂದೇ ಸೈಕಲನ್ನು ಹದಿನೈದು ಇಪ್ಪತ್ತು ವರ್ಷ ಓಡಿಸುವ ಮನಸ್ಸಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಟೈಟಾನಿಯಂ ತಗೊಳ್ಳಿ. ಎರಡೂ ಅಲ್ಲದವರು ಒಳ್ಳೆಯ ಅಲ್ಯೂಮಿನಿಯಂ ಸೈಕಲ್ ತಗೊಂಡು, ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರು ಹಾಕಿಸಿ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ನಾನು ಚಿಕ್ಕಬಳ್ಳಾಪುರದವನು. ಓಡಿಸುವುದು ಟೈಟಾನಿಯಂ ರೋಡ್ ಬೈಕು. ಬಣ್ಣ ಬಳಿಯದ ಆ ಬೂದು ಫ್ರೇಮ್ ಕಣ್ಣಿಗೆ ಬಿದ್ದ ಕೂಡಲೇ ಜನ ಶುರು ಮಾಡುತ್ತಾರೆ. ಭಾನುವಾರ ಬೆಂಗಳೂರಿನಿಂದ ಬಂದವರು ನಂದಿ ಬೆಟ್ಟದ ಬುಡದಲ್ಲಿ ನಿಲ್ಲಿಸಿ ಕೇಳುತ್ತಾರೆ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಕೇಳುತ್ತಾರೆ. "ಯಾವುದಣ್ಣಾ ಬೆಸ್ಟು?" ಯಾರು ಓಡಿಸುವುದು, ಯಾವ ರಸ್ತೆ, ಎಷ್ಟು ದುಡ್ಡು, ಯಾವುದನ್ನೂ ಹೇಳುವುದಿಲ್ಲ. ಸುಮ್ನೆ ಬೆಸ್ಟು ಯಾವುದು ಅಂತ ಒಂದೇ ಪ್ರಶ್ನೆ. ಇನ್ನು ಕೆಲವರು ಅಡ್ವಾನ್ಸ್ ಕೊಟ್ಟೇ ಬಂದಿರುತ್ತಾರೆ. ಅವರಿಗೆ ಬೇಕಾಗಿರುವುದು ನನ್ನ ಬಾಯಿಂದ ಒಂದು "ಹೂಂ" ಅಷ್ಟೇ. ಬೇರೆ ಏನಾದರೂ ಹೇಳಿದರೆ ಮುಖ ಚಿಕ್ಕದಾಗುತ್ತದೆ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಮೊದಲು ತೂಕ. ಒಳ್ಳೆಯ ಕಾರ್ಬನ್ ಫ್ರೇಮ್ 800 ಗ್ರಾಂನಿಂದ 1 ಕೆಜಿ ತೂಗುತ್ತದೆ. ಟೈಟಾನಿಯಂ 1.3ರಿಂದ 1.6 ಕೆಜಿ. ವ್ಯತ್ಯಾಸ 600 ಗ್ರಾಂ ಅಂತ ಇಟ್ಟುಕೊಳ್ಳೋಣ. ನಂದಿ ಬೆಟ್ಟದ ಏರು ಏಳು ಕಿಲೋಮೀಟರ್ ಚಿಲ್ಲರೆ, 40 ತಿರುವು. ಇಂಥ ಏರಿನಲ್ಲಿ ಒಟ್ಟು ತೂಕ ಎಷ್ಟು ಜಾಸ್ತಿಯೋ ಸಮಯವೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕೆಜಿ ಆದರೆ, 600 ಗ್ರಾಂ ಅಂದರೆ 0.75 ಪರ್ಸೆಂಟ್, ನೂರಕ್ಕೆ ಒಂದೂ ಇಲ್ಲ. ಅರ್ಧ ಗಂಟೆಯಲ್ಲಿ ಹತ್ತುವವನಿಗೆ 13 ಸೆಕೆಂಡು ಉಳಿಯುತ್ತದೆ. ರೇಸಿನಲ್ಲಿ 13 ಸೆಕೆಂಡು ದೊಡ್ಡದು. ಅಲ್ಲಿ ಗೆಲುವು ಸೋಲು ಅದರಲ್ಲೇ ಆಗಿಹೋಗುತ್ತದೆ. ಆದರೆ ಮೇಲೆ ಹೋಗಿ, ಮಂಜು ನೋಡಿ, ಇಳಿದು ಬಂದು ಇಡ್ಲಿ ತಿನ್ನುವವರಿಗೆ? ತುಂಬಿದ ಒಂದು ದೊಡ್ಡ ಬಾಟಲಿ ನೀರೇ 750 ಗ್ರಾಂ ಇರುತ್ತದಲ್ವಾ.

ರೇಸಿನವರು ಕಾರ್ಬನ್ ಹಿಡಿದದ್ದು ಬರೀ ತೂಕಕ್ಕಲ್ಲ. ಕಾರ್ಬನ್ ನಾರಿನ ಹಾಳೆಗಳನ್ನು ಅಂಟಿನಲ್ಲಿ ನೆನೆಸಿ, ಅಚ್ಚಿನಲ್ಲಿ ಪದರ ಪದರವಾಗಿ ಕೂರಿಸುತ್ತಾರೆ. ನಾರು ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿಗೆ ಬಲ. ಪೆಡಲ್ ತುಳಿಯುವ ಕಡೆ ಬಿಗಿ ಬೇಕು, ಸೀಟಿನ ಕಡೆ ಸ್ವಲ್ಪ ಬಾಗಬೇಕು ಅಂದರೆ ಹಾಗೇ ಮಾಡಬಹುದು. ಗಾಳಿ ಸೀಳುವ ಆಕಾರವನ್ನೂ ಕೊಡಬಹುದು. ಲೋಹದ ಕೊಳವೆಯಲ್ಲಿ ಇಷ್ಟು ಆಟ ಆಡಲು ಆಗುವುದಿಲ್ಲ. 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಕಾರ್ಬನ್ ಫ್ರೇಮಿನ ಮೇಲೆ. ಈಗ ದೊಡ್ಡ ತಂಡಗಳೆಲ್ಲ ಕಾರ್ಬನ್ನೇ. ಆದರೆ ಆ ಸವಾರರಿಗೆ ಫ್ರೇಮ್ ಬಿರುಕು ಬಿಟ್ಟರೆ ಹಿಂದೆ ಬರುವ ಕಾರಿನಿಂದ ಇನ್ನೊಂದು ಸೈಕಲ್ ಇಳಿಯುತ್ತದೆ. ನಮ್ಮ ಹಿಂದೆ ಬರುವುದು ಟೊಮ್ಯಾಟೊ ಹೇರಿದ ಟೆಂಪೊ.

"ಕಾರ್ಬನ್ ಒಡೆದು ಹೋಗುತ್ತೆ, ಭಯ. ಅದಕ್ಕೆ ಟೈಟಾನಿಯಂ ತಗೊಳ್ತೀನಿ" ಅನ್ನುವವರಿಗೆ ಒಂದು ಮಾತು. ಟೈಟಾನಿಯಂ ಸೈಕಲ್ಲಿನಲ್ಲಿ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಯಾವುದರದ್ದು ನೋಡಿದ್ದೀರಾ? ಬಹುತೇಕ ಎಲ್ಲದರಲ್ಲೂ ಕಾರ್ಬನ್. ನನ್ನದರಲ್ಲೂ ಕಾರ್ಬನ್ನೇ. ಮುರಿದರೆ ಮುಖವೇ ನೆಲಕ್ಕೆ ಬೀಳುವ ಜಾಗದಲ್ಲೇ ಅದನ್ನು ನಂಬಿದ್ದೇವೆ. ಹಾಗಾಗಿ ಭಯಕ್ಕೆ ಟೈಟಾನಿಯಂ ಕೊಳ್ಳಬೇಡಿ. ಕಾರ್ಬನ್ ಓಡಿಸಿ ಓಡಿಸಿ ಸವೆದು ಮುರಿಯುವುದು ಅಪರೂಪ. ಅದು ಕೆಡುವುದು ಪೆಟ್ಟಿನಿಂದ, ಇಲ್ಲವೇ ಬೋಲ್ಟ್ ಅತಿಯಾಗಿ ಬಿಗಿದದ್ದರಿಂದ. ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ಮಿನ ಬೋಲ್ಟ್‌ಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಬಿಗಿತ ಸಾಕು. ಭಾಗದ ಮೇಲೇ ಬರೆದಿರುತ್ತದೆ. ಬಿಗಿತ ಅಳೆಯುವ ಪಾನಾ (ಟಾರ್ಕ್ ರೆಂಚ್) ಒಂದು ಮನೆಯಲ್ಲಿರಲಿ, ಕೈಯಂದಾಜಿನಲ್ಲಿ ಬಿಗಿಯಬೇಡಿ.

ಇನ್ನೊಂದು. ನಮ್ಮ ಜನಕ್ಕೆ ಸೈಕಲ್ಲಿನ ಬಾರ್ ಕಂಡರೆ ಕೂರಬೇಕು ಅನ್ನಿಸುತ್ತದೆ. ಚಿಕ್ಕಂದಿನಲ್ಲಿ ಅಪ್ಪನೋ ಮಾವನೋ ಬಾರ್ ಮೇಲೆ ಕೂರಿಸಿಕೊಂಡು ಹೋಗಿರುತ್ತಾರೆ, ಆ ಪ್ರೀತಿ. ಕಾರ್ಬನ್ ಸೈಕಲ್ಲಿನ ಬಾರ್ ಮೇಲೆ ಯಾರನ್ನೂ ಕೂರಿಸಬೇಡಿ, ಫೋಟೋಗೂ ಬೇಡ. ಆ ಕೊಳವೆಯ ಗೋಡೆ ತುಂಬಾ ತೆಳು. ಉದ್ದಕ್ಕೆ ಬರುವ ಬಲವನ್ನು ತಡೆಯುತ್ತದೆ, ಮೇಲಿನಿಂದ ಒತ್ತಿದರೆ ಒಳಗೇ ಪದರ ಬಿಡುತ್ತದೆ. ಹೊರಗೆ ಬಣ್ಣ ಹಾಗೇ ಹೊಳೆಯುತ್ತಿರುತ್ತದೆ.

"ಟೈಟಾನಿಯಂಗೆ ಸಾವೇ ಇಲ್ವಂತೆ" ಅನ್ನುವುದೂ ಪೂರ್ತಿ ನಿಜವಲ್ಲ. ತುಕ್ಕು ಹಿಡಿಯುವುದಿಲ್ಲ, ಬೆವರು ಅದಕ್ಕೆ ಏನೂ ಮಾಡುವುದಿಲ್ಲ. ಕಲ್ಲು ಸಿಡಿದರೆ ಗೀರು ಬೀಳುತ್ತದೆ, ಉಜ್ಜಿದರೆ ಹೋಗುತ್ತದೆ. ಇದೆಲ್ಲ ಸರಿ. ಆದರೆ ಕೆಟ್ಟ ಬೆಸುಗೆ ಇದ್ದರೆ ಅಲ್ಲೇ ಬಿರುಕು ಬಿಡುತ್ತದೆ. ಬಿಸಿಯಾದ ಟೈಟಾನಿಯಂ ಗಾಳಿಯಲ್ಲಿನ ಆಮ್ಲಜನಕ, ಸಾರಜನಕ ಎಳೆದುಕೊಂಡು ಪೆಡಸಾಗುತ್ತದೆ. ಅದಕ್ಕೇ ಕೊಳವೆಯ ಒಳಗೂ ಹೊರಗೂ ಆರ್ಗಾನ್ ಅನಿಲ ಬಿಟ್ಟುಕೊಂಡು ಬೆಸೆಯಬೇಕು. ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಗೆ ತೆಗೆದುಕೊಂಡು ಹೋದರೆ ಫ್ರೇಮ್ ಮುಗಿದ ಹಾಗೆ. ಕಾರ್ಬನ್ ರಿಪೇರಿಯೇ ಇದಕ್ಕಿಂತ ಸುಲಭ. ಒಡೆದ ಜಾಗ ಉಜ್ಜಿ, ಹೊಸ ನಾರು ಸುತ್ತಿ, ಅಂಟು ಹಾಕಿ ಗಟ್ಟಿ ಮಾಡುತ್ತಾರೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಅಷ್ಟು ದುಬಾರಿ ಯಾಕೆ ಅಂತಲೂ ಕೇಳುತ್ತಾರೆ. ಅದಿರು ಅಪರೂಪ ಅಂತಲ್ಲ. ಕೇರಳದ ಚವರ ಕಡಲ ತೀರದ ಮರಳಿನಲ್ಲೇ ಟೈಟಾನಿಯಂ ಅದಿರಿದೆ. ಆದರೆ ಅದರಿಂದ ಲೋಹ ಬಿಡಿಸಲು ಮೊದಲು ಕ್ಲೋರಿನ್ ಜೊತೆ ಸೇರಿಸಬೇಕು, ಆಮೇಲೆ ಮೆಗ್ನೀಸಿಯಂ ಹಾಕಿ ಕ್ಲೋರಿನ್ ಬಿಡಿಸಬೇಕು. ನಿಧಾನದ ಕೆಲಸ. ಬೆಲೆ ಅಲ್ಲಿಂದಲೇ ಏರುತ್ತಾ ಬರುತ್ತದೆ.

ಈಗ ಕುಲುಕಾಟದ ಮಾತು. ಟೈಟಾನಿಯಂ ಮೆತ್ತಗೆ ಓಡುತ್ತದಂತೆ, ಹೌದಾ? ಸ್ವಲ್ಪ ಹೌದು. ಆದರೆ ತ್ರಿಕೋನದ ಫ್ರೇಮ್ ಮೇಲೆ ಕೆಳಗೆ ಬಾಗುವುದು ಕೂದಲೆಳೆಯಷ್ಟು. ಟೈರು ಅದರ ಎಷ್ಟೋ ಪಟ್ಟು ಬಾಗುತ್ತದೆ. ಪೇರೇಸಂದ್ರದಿಂದ ಗುಡಿಬಂಡೆ ಕಡೆ ಹೋಗಿ ನೋಡಿ. 25 ಮಿಲಿಮೀಟರ್ ಟೈರಿಗೆ 110 ಪಿಎಸ್ಐ ಗಾಳಿ ತುಂಬಿಕೊಂಡು ಹೋದರೆ ಯಾವ ಲೋಹವೂ ಬೆನ್ನು ಉಳಿಸುವುದಿಲ್ಲ. 32 ಮಿಲಿಮೀಟರ್ ಟೈರು ಹಾಕಿ, 60ರ ಸುತ್ತ ಗಾಳಿ ಇಡಿ, ರಸ್ತೆಯೇ ಬೇರೆ ಅನ್ನಿಸುತ್ತದೆ. ಸುಗ್ಗಿಯಲ್ಲಿ ನಮ್ಮ ಕಡೆ ರಾಗಿ, ಹುರುಳಿ ಒಕ್ಕಣೆಗೆ ರಸ್ತೆ ಮೇಲೆ ಹರಡಿರುತ್ತಾರೆ. ಅಲ್ಲಿ ಇಳಿದು ನಡೆಯುವುದೇ ಸರಿ. ಉಳಿದ ಕಡೆ ನಿಮ್ಮನ್ನು ಕಾಯುವುದು ಅಗಲ ಟೈರು. ಹಾಗಾಗಿ ಫ್ರೇಮ್ ಯಾವುದರದ್ದು ಅಂತ ಕೇಳುವ ಮುಂಚೆ, ಅದರಲ್ಲಿ ಎಷ್ಟು ಅಗಲದ ಟೈರು ಹಿಡಿಯುತ್ತದೆ ಅಂತ ಕೇಳಿ.

ಒಮ್ಮೆ ಶಿಡ್ಲಘಟ್ಟದ ಕಡೆಯಿಂದ ರೈತರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ರೇಷ್ಮೆ ಬೆಳೆಯುವವರು. ಹುಡುಗಿ ಪಿಯುಸಿ ಓದುತ್ತಿದ್ದಳು, ರೋಡ್ ರೇಸಿನ ಹುಚ್ಚು. ಯಾರೋ ಕಾಲೇಜು ಹುಡುಗ ಬಿಟ್ಟ ಹಳೆಯ ಸೈಕಲ್ ಓಡಿಸುತ್ತಿದ್ದಳು. ಅಪ್ಪ ಕೂತ ಕೂಡಲೇ ಕೇಳಿದರು. "ಸಾರ್, ಗೂಡು ಮಾರಿದ ದುಡ್ಡು ಇಟ್ಟಿದ್ದೀನಿ. ಕಾರ್ಬನ್ ಕೊಡಿಸ್ಲಾ, ಟೈಟಾನಿಯಂ ಕೊಡಿಸ್ಲಾ? ಕಾರ್ಬನ್ ಇಲ್ದೆ ಗೆಲ್ಲೋಕಾಗಲ್ಲ ಅಂತ ಎಲ್ಲರೂ ಹೇಳ್ತವ್ರೆ."

ಒಂದು ಬೆಳೆ ಗೂಡಿನ ಹಿಂದೆ ಎಷ್ಟು ರಾತ್ರಿಯ ನಿದ್ದೆ ಹೋಗಿರುತ್ತದೆ ಅಂತ ಈ ಕಡೆಯ ನಮಗೆಲ್ಲ ಗೊತ್ತು. ಹುಳ ಹಣ್ಣಾಗುವ ಹೊತ್ತಿಗೆ ಮನೆ ಮಂದಿ ಸರಿಯಾಗಿ ಊಟವನ್ನೂ ಮಾಡಿರುವುದಿಲ್ಲ. ಆ ದುಡ್ಡಿನ ಮೇಲೆ ಯಾರೋ ಸುಮ್ನೆ ಬಾಯಿಗೆ ಬಂದ ಮಾತು ಹೇಳಿ ಕಳಿಸಿದ್ದರು. ನನಗೆ ಹೊಟ್ಟೆ ಉರಿಯಿತು.

ನಾನು ಹುಡುಗಿಯನ್ನು ಕೇಳಿದೆ. "ಓಡಿಸುವಾಗ ಎಲ್ಲಿ ನೋಯುತ್ತಮ್ಮಾ?"

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಹೇಳಿದಳು. "ಕತ್ತು ಸಾರ್. ಕಿರುಬೆರಳು, ಉಂಗುರದ ಬೆರಳು ಜುಮ್ ಅನ್ನುತ್ತೆ. ಇಳಿಜಾರಲ್ಲಿ ಬ್ರೇಕ್ ಸರಿಯಾಗಿ ಎಟುಕಲ್ಲ."

ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. "ಬ್ರೇಕ್ ಎಟುಕಲ್ವಾ? ನಂಗ್ಯಾಕೆ ಹೇಳ್ಲಿಲ್ಲ?" ಅಂದರು. ಅವಳು, "ಯಾರೂ ಕೇಳ್ಲಿಲ್ಲ" ಅಂದಳು.

ಸೈಕಲ್ ಅಂಗಳಕ್ಕೆ ತಂದೆವು. 54 ಸೈಜಿನ ಫ್ರೇಮ್. ಐದಡಿಯ ಹುಡುಗಿಗೆ ಅದು ಎಲ್ಲಿಂದ ಆಗಬೇಕು? ಗೋಡೆಗೆ ನಿಲ್ಲಿಸಿ ಒಳಗಾಲು, ಅಂದರೆ ತೊಡೆಸಂದಿನಿಂದ ನೆಲದವರೆಗೆ, ಅಳೆಸಿದೆ, 72 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ, ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲಿನವರೆಗೆ ಎಷ್ಟಿರಬೇಕು ಅಂತ ಸಿಗುತ್ತದೆ. 63 ಚಿಲ್ಲರೆ. ಅವಳದು ಅದಕ್ಕಿಂತ ಮೇಲಿತ್ತು. ಸ್ಟೆಮ್ 110 ಮಿಲಿಮೀಟರ್, ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, 172.5. ಎಲ್ಲವೂ ಬೇರೆ ಯಾರದೋ ದೇಹಕ್ಕೆ. ಅಂದು ಸೀಟು ಇಳಿಸಿ, ಬ್ರೇಕ್ ಲಿವರಿನ ಸಣ್ಣ ಸ್ಕ್ರೂ ತಿರುಗಿಸಿ ಬೆರಳ ಹತ್ತಿರಕ್ಕೆ ತಂದುಕೊಟ್ಟೆ. ಆ ಸ್ಕ್ರೂ ಇದೆ ಅಂತಲೇ ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವರು ತೆಗೆದುಕೊಂಡದ್ದು 48 ಸೈಜಿನ ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಸೈಕಲ್, 165ರ ಕ್ರ್ಯಾಂಕ್ ಹಾಕಿಸಿ. ಗೂಡಿನ ದುಡ್ಡಿನಲ್ಲಿ ಬಹುಪಾಲು ಉಳಿಯಿತು. ಕತ್ತು ನೋವು ಹೋಯಿತು. ಮುಂದೆ ಅವಳು ದೊಡ್ಡ ರೇಸಿಗೆ ಹೋದರೆ ಕಾರ್ಬನ್ ಕೊಡಿಸಿ ಅಂತ ನಾನೇ ಹೇಳುತ್ತೇನೆ. ಅವಳ ಅಳತೆಯದ್ದು ಮಾತ್ರ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: "ಈ ಸೈಕಲ್ ನನ್ನ ಮೈಗೆ ಆಗುತ್ತಾ?" ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಬಹಳ ಕಡಿಮೆ. ಲಕ್ಷಗಟ್ಟಲೆ ಕೊಟ್ಟು ಕಾರ್ಬನ್ ಕೊಂಡು, ಅಂಗಡಿಯಲ್ಲಿ ಡಿಸ್ಕೌಂಟ್ ಇದ್ದ ಸೈಜು ತಂದು, ಮಂಡಿ ನೋವು ಅಂತ ವರ್ಷದೊಳಗೆ ಮೂಲೆಗೆ ಒರಗಿಸಿದವರನ್ನು ನೋಡಿದ್ದೇನೆ.

ಟೈಟಾನಿಯಂ ನನಗೆ ಇಷ್ಟವಾಗುವುದೂ ಇದೇ ಕಾರಣಕ್ಕೆ. ಕಾರ್ಬನ್ ಅಚ್ಚು ದುಬಾರಿ, ಹಾಗಾಗಿ ಕಂಪನಿಗಳು ಐದಾರು ಸೈಜು ಮಾಡಿ ನಿಲ್ಲಿಸುತ್ತವೆ. ಅದು ರೆಡಿಮೇಡ್ ಅಂಗಿ. ಟೈಟಾನಿಯಂ ಕೊಳವೆಯನ್ನು ನಿಮ್ಮ ಅಳತೆಗೆ ಕತ್ತರಿಸಿ ಬೆಸೆಯಬಹುದು. ಕೈ ಉದ್ದ, ಕಾಲು ಗಿಡ್ಡ ಇರುವವರಿಗೆ, ರೆಡಿಮೇಡ್ ಸೈಜುಗಳ ನಡುವೆ ಸಿಕ್ಕಿಕೊಂಡವರಿಗೆ ಇದು ನಿಜವಾದ ಉಪಕಾರ. ಅಷ್ಟು ದುಡ್ಡು ಕೊಟ್ಟು ಟೈಟಾನಿಯಂನಲ್ಲೂ ಸಿದ್ಧ ಸೈಜೇ ತರುವುದಾದರೆ, ಅದರ ಅರ್ಧ ಗುಣ ಬಿಟ್ಟುಕೊಟ್ಟಂತೆ.

ಹಾಗಾಗಿ ಮುಂದಿನ ಸಲ ಬರುವವರು ಈಗ ಓಡಿಸುತ್ತಿರುವ ಸೈಕಲ್ಲನ್ನೂ ತನ್ನಿ. ಓಡಿಸುವಾಗ ಹಾಕುವ ಶೂ ಹಾಕಿಕೊಂಡು ಬನ್ನಿ. ಒಳಗಾಲಿನ ಅಳತೆ, ಎಲ್ಲಿ ನೋಯುತ್ತದೆ, ವಾರಕ್ಕೆ ಎಷ್ಟು ದೂರ, ಯಾವ ರಸ್ತೆ, ಎಷ್ಟು ದುಡ್ಡು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಕೊಳ್ಳಬೇಕೆಂದಿರುವ ಫ್ರೇಮಿನ ಸ್ಟ್ಯಾಕ್ (ಪೆಡಲ್ ತಿರುಗುವ ನಡುಬಿಂದುವಿನಿಂದ ಫ್ರೇಮಿನ ಮುಂದಿನ ತುದಿ ಎಷ್ಟು ಎತ್ತರ), ರೀಚ್ (ಅದು ಎಷ್ಟು ಮುಂದೆ) ಅಳತೆ ಕಂಪನಿಯ ಪಟ್ಟಿಯಲ್ಲಿ ಇರುತ್ತದೆ, ಅದನ್ನೂ ತನ್ನಿ. ಎಷ್ಟು ಹೊತ್ತು ಬೇಕಾದರೂ ಕೂತು ನೋಡೋಣ. ಕಾರ್ಬನ್ನೋ ಟೈಟಾನಿಯಮ್ಮೋ ಅನ್ನುವುದು ಅದಾದ ಮೇಲೆ ಹತ್ತು ನಿಮಿಷದ ಮಾತು.