ಕಲಬುರಗಿ ಬಿಸಿಲಿಗೆ ದಪ್ಪ ಎಣ್ಣೆಯೇ ಬೇಕಾ?

"ಅಣ್ಣಾ, ಇಪ್ಪತ್ತ್ ವರ್ಷದ್ ಗಾಡಿ. ನಮ್ ಊರಾಗ ಬಿಸ್ಲು ಹ್ಯಾಂಗದ ನಿಮಗ ಗೊತ್ತದ. ದಪ್ಪ ಎಣ್ಣಿನೇ ಹಾಕ್ಬೇಕು ನೋಡ್ರಿ."

ಗ್ಯಾರೇಜಿನವರು ಹೀಗೆ ಹೇಳಿದಾಗ ನಾನು ತಲೆ ಆಡಿಸಿದೆ. ಮಾತು ಸರಿ ಅನಿಸಿತ್ತು. ಮೇ ತಿಂಗಳಲ್ಲಿ ಇಲ್ಲಿ 43 ಡಿಗ್ರಿ ದಾಟುತ್ತದೆ, ಎಂಜಿನ್ ಎಣ್ಣೆ ನೀರಾಗಿಬಿಟ್ಟರೆ? ಅವತ್ತು 20ಡಬ್ಲ್ಯೂ-50 ಅನ್ನುವ ದಪ್ಪ ಎಣ್ಣೆ ಸುರಿದರು.

ಗಾಡಿ ಫಿಯಟ್ ಪಾಲಿಯೋ 1.6, 2002ರದ್ದು. 1596 ಸಿಸಿ, 16 ವಾಲ್ವ್, 100 ಕುದುರೆ ಶಕ್ತಿ. ನೋಡೋಕೆ ಮನೆಮಂದಿ ಓಡಾಡುವ ಸಣ್ಣ ಕಾರು, ಓಡಿಸಿದವರಿಗೆ ಗೊತ್ತು ಅದು ಏನು ಅಂತ. ಜೇವರ್ಗಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 4,000 ಆರ್‌ಪಿಎಂ ದಾಟಿದಾಗ ಎಂಜಿನ್ ದನಿ ಬದಲಾಗುತ್ತದೆ. ಆ ದನಿಗೋಸ್ಕರವೇ ಇವತ್ತಿಗೂ ಇಟ್ಟುಕೊಂಡಿದ್ದೇನೆ.

ತೊಂದರೆ ಗೊತ್ತಾಗಿದ್ದು ಡಿಸೆಂಬರ್‌ನಲ್ಲಿ. ಬೆಳಿಗ್ಗೆ ಆರಕ್ಕೆ ಚಾವಿ ತಿರುವಿದರೆ ಮೇಲಿನಿಂದ ಟಕಟಕಟಕ ಸದ್ದು. ಮೊದಲೂ ಇತ್ತು, ಆದರೆ ಎರಡು ಎಣಿಸುವಷ್ಟರಲ್ಲಿ ನಿಲ್ಲುತ್ತಿತ್ತು. ಈಗ ಏಳರವರೆಗೆ ಎಣಿಸಬೇಕು. ಎಣ್ಣೆ ಕೆಳಗಿನ ತೊಟ್ಟಿ, ಅಂದರೆ ಸಂಪ್‌ನಿಂದ ಮೇಲೆ ವಾಲ್ವ್ ತೆರೆಸುವ ಕ್ಯಾಮ್‌ವರೆಗೆ ಏರುವ ತನಕ ಲೋಹದ ಮೇಲೆ ಲೋಹ ಉಜ್ಜುತ್ತಿರುತ್ತದೆ. ಆ ಏಳು ಎಣಿಕೆ ಕೇಳುತ್ತಾ ಕೂತಿರುವುದು ನಿಜಕ್ಕೂ ಸಂಕಟ.

ಆಗ ಕೂತು ಓದಿದೆ. ಡಬ್ಲ್ಯೂ ಅಂದರೆ ಚಳಿಗಾಲ. ಅದಕ್ಕೂ ಮೊದಲು ಬರುವ ಅಂಕೆ ತಣ್ಣಗಿನ ಎಣ್ಣೆಯದ್ದು. 20ಡಬ್ಲ್ಯೂ ಎಣ್ಣೆಯನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 10ಡಬ್ಲ್ಯೂವನ್ನು ಮೈನಸ್ 25ರಲ್ಲಿ. ನಮ್ಮೂರಿಗೆ ಆ ಚಳಿ ಎಲ್ಲಿಂದ ಬರಬೇಕು? ಆದರೂ ನಮ್ಮ 15 ಡಿಗ್ರಿ ಮುಂಜಾನೆಗೂ ತೆಳು ಎಣ್ಣೆ ಬೇಗ ಮೇಲೇರುತ್ತದೆ, ದಪ್ಪದ್ದು ತಡ ಮಾಡುತ್ತದೆ. ಎರಡನೇ ಅಂಕೆ, ಅಂದರೆ 40 ಅಥವಾ 50, ಎಣ್ಣೆ 100 ಡಿಗ್ರಿ ಬಿಸಿಯಾದಾಗ ಎಷ್ಟು ದಪ್ಪ ಉಳಿದಿರುತ್ತದೆ ಅನ್ನುವುದು.

ಇಲ್ಲೇ ನನ್ನ ಲೆಕ್ಕ ತಪ್ಪಿತ್ತು. ಹೊರಗೆ 43 ಡಿಗ್ರಿ ಇದ್ದರೆ ಎಂಜಿನ್ ಒಳಗಿನ ಎಣ್ಣೆಯೂ ಅಷ್ಟೇ ಜಾಸ್ತಿ ಕಾಯುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಥರ್ಮೋಸ್ಟಾಟ್, ರೇಡಿಯೇಟರ್, ಫ್ಯಾನ್ ಸರಿ ಇದ್ದರೆ ಚಳಿಗಾಲದಲ್ಲೂ ಬೇಸಿಗೆಯಲ್ಲೂ ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರು, 90 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಣ್ಣೆಯೂ ಅದರ ಜೊತೆಗೇ ಇರುತ್ತದೆ, ಸ್ವಲ್ಪ ಹೆಚ್ಚು. ಮಧ್ಯಾಹ್ನ ಸೂಪರ್ ಮಾರ್ಕೆಟ್ ಏರಿಯಾದ ಗದ್ದಲದಲ್ಲಿ ಎಸಿ ಹಾಕಿಕೊಂಡು ಸಿಕ್ಕಿಬಿದ್ದರೆ ಟೆಂಪರೇಚರ್ ಮುಳ್ಳು ಏರುತ್ತದೆ, ನಿಜ. ಅದಕ್ಕೆ ಮೊದಲು ನೋಡಬೇಕಾದ್ದು ಫ್ಯಾನು, ಎಣ್ಣೆಯಲ್ಲ.

ಸಲಹೆ ಕೊಡುವವರಿಗೆ ಕಡಿಮೆ ಇಲ್ಲ. ಅಂಗಡಿಯ ಹುಡುಗ 5ಡಬ್ಲ್ಯೂ-30 ಮುಂದಿಟ್ಟ, "ಫುಲ್ ಸಿಂಥೆಟಿಕ್ ಸರ್, ಲೇಟೆಸ್ಟ್." ಒಳ್ಳೆಯ ಎಣ್ಣೆಯೇ. ಆದರೆ ಅದು ಮೈಲೇಜಿಗೋಸ್ಕರ ತೆಳು ಎಣ್ಣೆ ಲೆಕ್ಕ ಹಾಕಿ ಮಾಡಿದ ಹೊಸ ಎಂಜಿನ್‌ಗಳಿಗೆ. 40ರ ಎಣ್ಣೆಗೆಂದು ಮಾಡಿದ, 20 ವರ್ಷ ಸವೆದ ಬೇರಿಂಗಿಗೆ ಅದನ್ನು ಹಾಕಿ ಎಳೆಯಲು ನನಗೆ ಧೈರ್ಯ ಬರಲಿಲ್ಲ. ಊರಿಂದ ನಮ್ಮ ಕಾಕಾ ಫೋನ್ ಮಾಡಿ, "ಟ್ರ್ಯಾಕ್ಟರಿಂದು ಅರ್ಧ ಡಬ್ಬಿ ಉಳದದ, ಒಯ್ಯಪ್ಪ" ಅಂದರು. ಅದು 15ಡಬ್ಲ್ಯೂ-40. ಡಬ್ಬಿ ತಿರುಗಿಸಿ ನೋಡಿದೆ. ಬರೀ ಸಿಐ-4 ಅಂತಿತ್ತು, ಅಂದರೆ ಡೀಸೆಲ್ ಎಂಜಿನ್ನಿಗೆ ಹಾಕುವ ಎಣ್ಣೆ. ಪಕ್ಕದಲ್ಲಿ ಎಸ್‌ನಿಂದ ಶುರುವಾಗುವ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ) ಗುರುತು, ಎಸ್‌ಎಲ್ ಅಂತಲೋ ಎಸ್‌ಎನ್ ಅಂತಲೋ, ಇದ್ದರೆ ಮಾತ್ರ ಪೆಟ್ರೋಲ್ ಗಾಡಿಗೆ ನಡೆಯುತ್ತದೆ. ಕಾಕಾಗೆ ಬೇಜಾರಾಗದ ಹಾಗೆ ಬೇಡ ಅಂದೆ.

ಕೊನೆಗೆ 10ಡಬ್ಲ್ಯೂ-40 ಸೆಮಿ ಸಿಂಥೆಟಿಕ್, ಎಪಿಐ ಎಸ್‌ಎನ್ ಹಾಕಿದೆ. ಹಾಕಿ ಸುಮ್ನೆ ಕೂರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲೇ, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ಹಳೇ ಧೋತರದ ಅರಿವಿಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡುತ್ತೇನೆ. 1,000 ಕಿಲೋಮೀಟರಿಗೆ ಎರಡು ಗೆರೆಗಳ ನಡುವೆ ಕಾಲು ಭಾಗ ಇಳಿದಿತ್ತು. ಈ ವಯಸ್ಸಿಗೆ ಅದು ಏನೂ ಅಲ್ಲ. ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಪ್ರೆಶರ್ ದೀಪ ಮಿಣುಕಲಿಲ್ಲ. ಮಿಣುಕಿದ್ದರೆ, ಇಲ್ಲವೇ ಎಣ್ಣೆ ಕುಡಿದು ನೀಲಿ ಹೊಗೆ ಬಿಟ್ಟಿದ್ದರೆ, ಮೊದಲು ಪ್ರೆಶರ್ ಅಳೆಸಿ, ಆಮೇಲೆ 50ರ ಯೋಚನೆ ಮಾಡುತ್ತಿದ್ದೆ. ಮುಂದಿನ ಡಿಸೆಂಬರ್‌ನಲ್ಲಿ ಟಕಟಕ ಮತ್ತೆ ಎರಡು ಎಣಿಕೆಗೆ ಇಳಿಯಿತು.

ನನ್ನ ಕೆಲಸ ಕಪನೂರಿನ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವುದು. ಗಾಡಿ ದಿನವಿಡೀ ತೊಗರಿ ಹೊಟ್ಟಿನ ಧೂಳಿನಲ್ಲಿ ನಿಲ್ಲುತ್ತದೆ. ವಾರಪೂರ್ತಿ ಓಡುವುದೂ ಐದಾರು ಕಿಲೋಮೀಟರಿನ ಸಣ್ಣ ಓಟ. ಎಣ್ಣೆ ಸರಿಯಾಗಿ ಕಾಯುವ ಮೊದಲೇ ಎಂಜಿನ್ ಬಂದ್. ಹೀಗಾದರೆ ತೇವ, ಪೆಟ್ರೋಲಿನ ಅಂಶ ಎಣ್ಣೆಯಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಗಾಡಿ ಓಡಿದ್ದು 3,000 ಕಿಲೋಮೀಟರ್ ಇರಲಿ, 2,000 ಇರಲಿ, ವರ್ಷಕ್ಕೊಮ್ಮೆ ಎಣ್ಣೆ, ಫಿಲ್ಟರ್ ಎರಡೂ ಹೊಸದು. ಏರ್ ಫಿಲ್ಟರ್ ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತೇನೆ.

ಅಪ್ಪನ ಜಾತ್ರೆ, ಅಂದರೆ ನಮ್ಮೂರ ಶರಣಬಸವೇಶ್ವರರ ಜಾತ್ರೆ, ಮುಗಿದ ಮೇಲಿನ ಭಾನುವಾರ ಎಣ್ಣೆ ಬದಲಿಸಲು ಮೀಸಲು. ಆಳಂದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಬಂದು ಹತ್ತು ನಿಮಿಷ ಬಿಟ್ಟು, ಪಾನಾದಿಂದ ಡ್ರೈನ್ ಬೋಲ್ಟ್ ಸಡಿಲಿಸುತ್ತೇನೆ. ಮೊದಲು ಕಪ್ಪನೆಯ ಧಾರೆ, ಆಮೇಲೆ ದಾರದ ಹಾಗೆ, ಕೊನೆಗೆ ತೊಟ್ಟು ತೊಟ್ಟು. ಒಂದು ಹನಿ ಬೆರಳ ನಡುವೆ ಉಜ್ಜಿ ನೋಡುತ್ತೇನೆ. ಮರಳಿನಂತೆ ಹತ್ತಬಾರದು, ಪೆಟ್ರೋಲ್ ವಾಸನೆ ಹೊಡೆಯಬಾರದು. ಬೋಲ್ಟಿಗೆ ಹೊಸ ವಾಷರ್. ಹಳೇ ಎಣ್ಣೆ ಮುಚ್ಚಳ ಬಿಗಿದ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಕೊಡುತ್ತೇನೆ, ಚರಂಡಿಗಲ್ಲ. ಹೊಸ ಎಣ್ಣೆಯ ಖಾಲಿ ಡಬ್ಬಿಗೆ ಮೊಳೆಯಿಂದ ನಾಲ್ಕು ಕಡೆ ತೂತು ಹೊಡೆದೇ ಗುಜರಿಗೆ ಹಾಕುವುದು. ಇಡಿಯಾಗಿ ಹೋದ ಡಬ್ಬಿಯಲ್ಲಿ ನಕಲಿ ಎಣ್ಣೆ ತುಂಬಿ ಮತ್ತೆ ಮಾರುವವರಿದ್ದಾರೆ.