ಜಗಲಿಯಲ್ಲಿ ಕೂಗಿದ ಪೈಪು

12 ಜುಲೈ 2025, ಶನಿವಾರ. ಉಡುಪಿ.

ತಂಗಿಯ ಫೋನು ಬಂದಾಗಿನಿಂದ ತಲೆಬಿಸಿ. ಮಗಳು ಸಿಕ್ಕಿದ ಸಾಫ್ಟ್‌ವೇರ್ ಕೆಲಸ ಬಿಟ್ಟು ರಾಕೆಟ್ ಓದಲಿಕ್ಕೆ ಹೋಗ್ತಾಳಂತೆ, "ನೀನಾದ್ರೂ ಬುದ್ಧಿ ಹೇಳು ಅಣ್ಣ."

ಬುದ್ಧಿ ಹೇಳುವಾ ಅಂತ ಜಗಲಿಗೆ ಹೋದರೆ ಇವಳು ಮೀಟರುದ್ದದ ಕಬ್ಬಿಣದ ಪೈಪಿನ ಬುಡಕ್ಕೆ ಗ್ಯಾಸ್ ಟಾರ್ಚ್ ಹಿಡಿದಿದ್ದಾಳೆ. ಒಳಗೆ, ಕೆಳಗಿನಿಂದ ಕಾಲು ಭಾಗಕ್ಕೆ, ಸ್ಟೀಲಿನ ಜಾಲರಿ. (ಚಹಾ ಸೋಸುವುದು ಎಲ್ಲಿ ಹೋಯಿತು ಅಂತ ಗೊತ್ತಾಯಿತು.) ಜಾಲರಿ ಕೆಂಪಾದ ಮೇಲೆ ಬೆಂಕಿ ತೆಗೆದಳು. ಪೈಪು ಶಂಖದ ಹಾಗೆ ಕೂಗಿತು! ಒಳಗಿಂದ ಅಮ್ಮ, "ಯಾರದು?"

ಪೈಪು ಅಡ್ಡ ಮಾಡಿದಳು. ಸುಮ್ಮನಾಯಿತು.

"ಗಾಳಿ ಮೇಲೆ ಹೋಗ್ಲಿಲ್ಲಲ್ಲ ಮಾಮ, ಅದಕ್ಕೆ." 1859ರಲ್ಲಿ ರೈಕೆ ಎಂಬ ವಿಜ್ಞಾನಿ ತೋರಿಸಿದ್ದಂತೆ. ಆಮೇಲೆ 1878ರಲ್ಲಿ ರೇಲಿ ಎಂಬ ಇನ್ನೊಬ್ಬ ವಿಜ್ಞಾನಿ ಕಾರಣ ಹೇಳಿದರು: ಗಾಳಿ ಒತ್ತಿಕೊಂಡ ಹೊತ್ತಿಗೇ ಶಾಖ ಸಿಕ್ಕಿದರೆ ಶಬ್ದ ಬೆಳೆಯುತ್ತದೆ, ಹೊತ್ತು ತಪ್ಪಿ ಸಿಕ್ಕಿದರೆ ಸಾಯುತ್ತದೆ.

"ಘನ ಇಂಧನದ ರಾಕೆಟ್ಟೂ ಪೈಪೇ. ಅಲ್ಲಿ ಜಾಲರಿ ಬೇಡ, ಇಂಧನದ ಮೈಯೇ ಉರಿಯೂದು. ಒತ್ತಡ ಏರಿದ್ರೆ ಉರಿ ಜೋರು, ಉರಿ ಜೋರಾದ್ರೆ ಮತ್ತೆ ಒತ್ತಡ."

"ಆಗ ಆಫ್ ಮಾಡೂದು."

"ಎಂತ ಆಫ್ ಮಾಮ? ಹೊತ್ತಿಸಿದ ಮೇಲೆ ಮುಗೀತು, ಉರಿದೇ ತೀರ್ಬೇಕು."

ಶಾಖಕ್ಕೆಂದು ಇಂಧನದಲ್ಲಿ ಹಾಕುವ ಅಲ್ಯುಮಿನಿಯಂ ಪುಡಿ ಉರಿದು ಆಕ್ಸೈಡಿನ ಸಣ್ಣ ಹನಿಗಳಾಗುತ್ತದೆ. ಅಲೆಯ ಜೊತೆ ಓಡಲಾಗದೆ ಹಿಂದೆ ಬೀಳುವ ಆ ಹನಿಗಳು ಕೀಚು ಸ್ವರಗಳನ್ನು ತಿಂದುಹಾಕುತ್ತವಂತೆ. ಇದು ನನಗೆ ಭಾರೀ ಇಷ್ಟವಾಯಿತು. ಆದರೆ ತಗ್ಗು ಸ್ವರಕ್ಕೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ನಮ್ಮ ಪೈಪಿನದ್ದು ಸೆಕೆಂಡಿಗೆ ಸುಮಾರು 170 ಕಂಪನ. ನಲವತ್ತು ಮೀಟರಿಗೂ ಉದ್ದದ ಘನ ಇಂಧನದ ಬೂಸ್ಟರ್ ರಾಕೆಟ್ಟಿನಲ್ಲಿ, ಬಿಸಿ ಅನಿಲದಲ್ಲಿ ಶಬ್ದ ಸೆಕೆಂಡಿಗೆ ಸಾವಿರ ಮೀಟರ್ ವೇಗದಲ್ಲಿ ಓಡಿದರೂ, ಬರೇ 12. ಕಿವಿಗೆ ಕೇಳದು, ಮೈ ನಡುಗೀತು. ನಾಸಾದ ಏರಿಸ್-1 ರಾಕೆಟ್ಟಿಗೆ ಇದೇ ಪೀಡೆ ಇತ್ತು. ಇಂಧನದ ತುಂಡುಗಳನ್ನು ಜೋಡಿಸಿದ ಕಡೆ ಏಳುವ ಸುಳಿಗಳು ಆ 12ಕ್ಕೆ ತಾಳ ಕೂಡಿಸಿದರೆ, ಒಳಗೆ ಕೂತವರಿಗೆ ಎದುರಿನ ಮೀಟರು ಓದಲಿಕ್ಕೂ ಆಗಲಿಕ್ಕಿಲ್ಲ ಎಂಬ ಹೆದರಿಕೆ ಇತ್ತು.

ಅಮ್ಮ ಕಾಫಿ ತಂದರು. "ಯು. ಆರ್. ರಾವ್ ನಮ್ಮ ಅದಮಾರಿನವರೇ ಅಲ್ವಾ, ಇಸ್ರೋಗೇ ಅಧ್ಯಕ್ಷರಾದ್ರು. ಇವಳು ಹೋದ್ರೆಂತ?" ಅಮ್ಮನ ಓಟು ಆ ಕಡೆ ಬಿತ್ತು. ಸಂಬಳದ ಮಾತು ನಾನು ಎತ್ತಲೇ ಇಲ್ಲ. ಫೀಸು ಯಾರು ಕಟ್ಟುವುದು, ಅದೂ ಇಲ್ಲ.

ಈಗ ಮಳೆ ಪುನಃ ಶುರು, ಕರೆಂಟಿಲ್ಲ, ಮೊಬೈಲಲ್ಲಿ ಹನ್ನೊಂದು ಪರ್ಸೆಂಟ್. ಏರಿಸ್-1ರ ಆ 12 ಕಂಪನ ತಗ್ಗಿಸಲಿಕ್ಕೆ ಸ್ಪ್ರಿಂಗಿನ ಮೇಲೆ ಭಾರ ಕೂರಿಸುವ ಆಲೋಚನೆ ಇತ್ತಂತೆ. ಭಾರ ಅಂದರೆ ಎಷ್ಟು, ಅದನ್ನೂ ಹೊತ್ತು ಮೇಲೆ ಹೋಗಬೇಕಲ್ಲ, ಮತ್ತೆ